ವಾಹನದ ಮೈಮೇಲಿನ ಹದಿನೇಳು ಅಕ್ಷರಗಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರನೊಬ್ಬ ಈ ವೇದಿಕೆಯ ಮೇಲೆ ನಿಂತರೆ ಭಾಷೆಯ ಬಗ್ಗೆ ಅಥವಾ ಪರೀಕ್ಷೆಯ ತಯಾರಿಯ ಬಗ್ಗೆ ಮಾತನಾಡುತ್ತಾನೆಂದು ತಾವು ನಿರೀಕ್ಷಿಸಿರಬಹುದು. ನಾನು ಇಂದು ಮಾತನಾಡುವುದು ಮೋಟಾರು ವಾಹನದ ಚಾಸಿಸ್ ನಂಬರಿನ ಬಗ್ಗೆ. ಅದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನ ಹೆಸರು ಇಲ್ಲಿ ಬೇಡ. ಖಾನಾಪುರ ತಾಲ್ಲೂಕಿನ ಹುಡುಗ. ಹತ್ತನೇ ತರಗತಿ ಮುಗಿಸಿ ಬೆಳಗಾವಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ದಿನಾಲೂ ಬಸ್ಸಿಗೆ ಕಾಯುವುದು ತಪ್ಪಲಿ ಎಂದು ಅವನ ತಾಯಿ ಭಿಶಿ ಎತ್ತಿ ಇಪ್ಪತ್ತೆಂಟು ಸಾವಿರ ರೂಪಾಯಿ ಕೊಟ್ಟರು. ಗಡಿಯಾಚೆಯಿಂದ ಬಂದ ಒಬ್ಬನ ಬಳಿ ಅವನು ಹಳೆಯ ಮೋಟಾರು ಸೈಕಲ್ ಕೊಂಡ. ಆರ್.ಸಿ. ಇತ್ತು, ನಂಬರ್ ಪ್ಲೇಟ್ ಆರ್.ಸಿ.ಗೆ ಸರಿಯಾಗಿ ಹೊಂದುತ್ತಿತ್ತು. ಹೆಸರು ಬದಲಾವಣೆ ಆಮೇಲೆ ಮಾಡಿಸೋಣ ಎಂದು ಮಾರಿದವನು ಹೇಳಿದ, ಇವನು ಒಪ್ಪಿದ.

ಐದು ತಿಂಗಳ ನಂತರ ರಸ್ತೆಯಲ್ಲಿ ತಪಾಸಣೆ ನಡೆಯಿತು. ಪೊಲೀಸರು ಪ್ಲೇಟನ್ನು ನೋಡಿ ಬಿಡಲಿಲ್ಲ, ಹ್ಯಾಂಡಲಿನ ಕೆಳಗೆ ಚೌಕಟ್ಟಿನ ಮೇಲಿದ್ದ ನಂಬರನ್ನು ಓದಿದರು. ಆರ್.ಸಿ.ಯಲ್ಲಿದ್ದ ಚಾಸಿಸ್ ನಂಬರೇ ಬೇರೆ, ಗಾಡಿಯ ಮೇಲಿದ್ದುದೇ ಬೇರೆ. ಕಾಗದ ಮತ್ತು ಪ್ಲೇಟು ಗುಜರಿಗೆ ಹೋದ ಒಂದು ಗಾಡಿಯವು, ಇವನು ಓಡಿಸುತ್ತಿದ್ದುದು ಬೇರೊಬ್ಬರ ಮನೆ ಮುಂದಿನಿಂದ ಕದ್ದ ಗಾಡಿ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದು. ಕಳ್ಳನು ಚೌಕಟ್ಟಿನ ಮೇಲಿನ ಅಕ್ಷರಗಳನ್ನು ಅಳಿಸುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಅದನ್ನು ಯಾರೂ ಓದುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಗಾಡಿ ನ್ಯಾಯಾಲಯದ ಮೂಲಕ ನಿಜವಾದ ಮಾಲೀಕನಿಗೆ ಹೋಯಿತು. ಅದು ನ್ಯಾಯವೇ. ನಮ್ಮ ಹುಡುಗ ಹೇಳಿಕೆ ಕೊಡಲು ಹಲವು ಸಲ ಠಾಣೆಗೆ ಅಲೆದ. ಮೊಬೈಲಿನಿಂದ ಹಣ ಕಳುಹಿಸಿದ್ದ ದಾಖಲೆ ಇದ್ದುದರಿಂದ ಕೊಂಡವನೇ ಹೊರತು ಕದ್ದವನಲ್ಲ ಎಂದು ತೋರಿಸಲು ಸಾಧ್ಯವಾಯಿತು. ಹಣ ಮಾತ್ರ ಮರಳಿ ಬರಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಮನೆಗೆ ಬಂದು ಅವನು ಕೇಳಿದ ಪ್ರಶ್ನೆ ಇದು: "ಸರ್, ನನಗೆ ಓದಲಿಕ್ಕೆ ಬರುತ್ತಿತ್ತು. ಅಲ್ಲಿ ಓದಬೇಕೆಂದು ನೀವು ಯಾಕೆ ಹೇಳಲಿಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ. ಇಂದಿನ ಭಾಷಣವೇ ಆ ಉತ್ತರ, ತಡವಾಗಿ ಬಂದ ಉತ್ತರ.

ಮೊದಲು ಈ ಸಂಖ್ಯೆ ಏನೆಂದು ತಿಳಿಯೋಣ. ನಾವು ಚಾಸಿಸ್ ನಂಬರ್ ಎನ್ನುವುದನ್ನು ವಾಹನ ಗುರುತಿನ ಸಂಖ್ಯೆ, ಅಂದರೆ ವಿ.ಐ.ಎನ್. ಎಂದೂ ಕರೆಯುತ್ತಾರೆ. ಅಮೆರಿಕದ ಕಂಪನಿಗಳು 1954ರ ಸುಮಾರಿಗೆ ಇಂಥ ಸಂಖ್ಯೆಗಳನ್ನು ಬಳಸತೊಡಗಿದವು. ಆಗ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. 1977ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 3779 ಎಂಬ ಮಾನಕದಲ್ಲಿ ಇದಕ್ಕೆ ಒಂದು ರೂಪ ಕೊಟ್ಟಿತು. ಅಮೆರಿಕ ಸರಕಾರ 1981ರ ಮಾದರಿಗಳಿಂದ ಹದಿನೇಳು ಅಕ್ಷರಗಳ ಸಂಖ್ಯೆಯನ್ನು ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 122ನೇ ನಿಯಮದ ಪ್ರಕಾರ ತಯಾರಕರು ಚಾಸಿಸ್ ನಂಬರ್, ಎಂಜಿನ್ ನಂಬರ್ ಮತ್ತು ತಯಾರಾದ ತಿಂಗಳನ್ನು ವಾಹನದ ಮೇಲೆ ಕೆತ್ತಲೇಬೇಕು.

ನಂಬರ್ ಪ್ಲೇಟಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಕೆಎ-22 ಎಂದರೆ ಬೆಳಗಾವಿಯ ನೋಂದಣಿ, ಕೆಎ-23 ಚಿಕ್ಕೋಡಿಯದು. ಇದೇ ಗಾಡಿ ನಾಳೆ ಗೋವೆಗೆ ಹೋಗಿ ಅಲ್ಲಿಯೇ ನೆಲೆಸಿದರೆ ಅದಕ್ಕೆ ಜಿಎ ಎಂಬ ಹೊಸ ನಂಬರ್ ಬರುತ್ತದೆ. ಪ್ಲೇಟು ಅಂಗಿಯಿದ್ದಂತೆ, ಬದಲಾಗುತ್ತದೆ. ಚಾಸಿಸ್ ನಂಬರ್ ಹುಟ್ಟಿದಾಗಿನ ಮಚ್ಚೆಯಿದ್ದಂತೆ, ಗಾಡಿ ಎಷ್ಟು ಕೈ ಬದಲಾದರೂ ಅದೇ ಇರುತ್ತದೆ.

ಈಗ ಓದುವ ಕ್ರಮ. ನಾನು ತರಗತಿಯ ಕಪ್ಪುಹಲಗೆಯ ಮೇಲೆ ಒಂದು ಕಲ್ಪಿತ ಸಂಖ್ಯೆಯನ್ನು ಹೀಗೆ ಬರೆಯುತ್ತೇನೆ: ಎಂ ಎ 3 – ಎ ಬಿ ಸಿ 1 2 ಎಸ್ – ಜೆ – ಕೆ – 1 2 3 4 5 6. ಎಣಿಸಿರಿ, ಹದಿನೇಳು ಆಗುತ್ತವೆ.

ಮೊದಲ ಮೂರು ಅಕ್ಷರಗಳು ದೇಶ ಮತ್ತು ತಯಾರಕರನ್ನು ಹೇಳುತ್ತವೆ. ಜೆ ಯಿಂದ ಪ್ರಾರಂಭವಾದರೆ ಜಪಾನ್, ಕೆ ಆದರೆ ಕೊರಿಯಾ, ಡಬ್ಲ್ಯೂ ಆದರೆ ಜರ್ಮನಿ. ನಮ್ಮ ದೇಶದ ಬಹುಪಾಲು ವಾಹನಗಳು ಎಂಎ ಯಿಂದ ಎಂಇ ವರೆಗಿನ ಜೋಡಿಗಳಿಂದ ಪ್ರಾರಂಭವಾಗುತ್ತವೆ. ಎಂಎ3 ಎಂದರೆ ಮಾರುತಿ ಸುಜುಕಿ, ಎಂಎಟಿ ಎಂದರೆ ಟಾಟಾ ಮೋಟಾರ್ಸ್, ಎಂಎ1 ಮಹೀಂದ್ರ, ಎಂಬಿಎಲ್ ಹೀರೋ, ಎಂಡಿ2 ಬಜಾಜ್, ಎಂಇ4 ಹೋಂಡಾ ದ್ವಿಚಕ್ರ ವಾಹನಗಳು. ಮೈಸೂರಿನಲ್ಲಿಯೂ ಕಾರ್ಖಾನೆ ಹೊಂದಿರುವ ಟಿವಿಎಸ್ ಕಂಪನಿಯದು ಎಂಡಿ6. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಕಾರುಗಳದು ಎಂಬಿಜೆ. ಹೀರೋ ಎಂದು ಮಾರುವ ಗಾಡಿಯ ಮೈಮೇಲೆ ಎಂಡಿ2 ಎಂದಿದ್ದರೆ ಅಲ್ಲಿಯೇ ಪ್ರಶ್ನೆ ಕೇಳಬೇಕು.

ನಾಲ್ಕರಿಂದ ಒಂಬತ್ತರವರೆಗಿನ ಆರು ಸ್ಥಾನಗಳು ವಾಹನದ ಮಾದರಿ, ಎಂಜಿನ್, ದೇಹದ ಬಗೆ ಮುಂತಾದುವನ್ನು ಹೇಳುತ್ತವೆ. ಇವುಗಳ ಅರ್ಥ ಆಯಾ ಕಂಪನಿಯ ಕೋಷ್ಟಕದಲ್ಲಿ ಇರುತ್ತದೆ. ಬಿಡಿಭಾಗದ ಅಂಗಡಿಯವರು ಚಾಸಿಸ್ ನಂಬರ್ ಕೇಳುವುದು ಇದಕ್ಕಾಗಿಯೇ. ಒಂದೇ ಹೆಸರಿನ ಕಾರಿನಲ್ಲಿ ಎರಡು ಬಗೆಯ ಬ್ರೇಕ್ ಇರಬಹುದು, ಯಾವುದು ನಿಮ್ಮದು ಎಂದು ಆ ಸಂಖ್ಯೆ ಹೇಳುತ್ತದೆ.

ಹತ್ತನೆಯ ಸ್ಥಾನ ಸಾಮಾನ್ಯವಾಗಿ ವರ್ಷದ್ದು. 2001ರಿಂದ 2009ರವರೆಗೆ 1 ರಿಂದ 9ರ ಅಂಕಿಗಳು. 2010ಕ್ಕೆ ಎ, 2011ಕ್ಕೆ ಬಿ, ಹೀಗೆ ಮುಂದುವರಿದು 2017ಕ್ಕೆ ಹೆಚ್. ನಂತರ ಐ ಬಿಟ್ಟು 2018ಕ್ಕೆ ಜೆ, 2020ಕ್ಕೆ ಎಲ್, 2022ಕ್ಕೆ ಎನ್. ಓ ಬಿಟ್ಟು 2023ಕ್ಕೆ ಪಿ, ಕ್ಯೂ ಬಿಟ್ಟು 2024ಕ್ಕೆ ಆರ್, 2025ಕ್ಕೆ ಎಸ್. ನಮ್ಮ ಹಲಗೆಯ ಮೇಲಿನ ಗಾಡಿ 2018ರದು. ಮೂವತ್ತು ವರ್ಷಕ್ಕೊಮ್ಮೆ ಈ ಚಕ್ರ ಮತ್ತೆ ಮೊದಲಿನಿಂದ ತಿರುಗುತ್ತದೆ. ಹನ್ನೊಂದನೆಯದು ಹೆಚ್ಚಾಗಿ ಕಾರ್ಖಾನೆಯ ಗುರುತು. ಕೊನೆಯದು ಕ್ರಮಸಂಖ್ಯೆ. ಕೆಲವು ಕಂಪನಿಗಳು ತಿಂಗಳಿಗೂ ಒಂದು ಅಕ್ಷರವನ್ನು ಇದರಲ್ಲಿಯೇ ಸೇರಿಸುತ್ತವೆ.

ವರ್ಷದ ಅಕ್ಷರದಿಂದ ಏನು ಪ್ರಯೋಜನ? ಮಾರುವವನು 2018ರ ಗಾಡಿ ಎಂದು ಬೆಲೆ ಹೇಳುತ್ತಾನೆ. ಆರ್.ಸಿ.ಯಲ್ಲಿ ನೋಂದಣಿ ದಿನಾಂಕವೂ 2018 ಇರುತ್ತದೆ. ಮೈಮೇಲೆ ಜಿ ಇದ್ದರೆ ಅದು ತಯಾರಾದದ್ದು 2016ರಲ್ಲಿ. ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ಮಾರಾಟವಾಗುವುದು ಸಹಜ. ಎರಡು ವರ್ಷದ ಅಂತರವಿದ್ದರೆ ಕಾರಣ ಕೇಳುವ, ಬೆಲೆ ಇಳಿಸಲು ಹೇಳುವ ಹಕ್ಕು ನಿಮಗಿದೆ.

ಗಣಿತದಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಒಂದು ಮಾತು. ಉತ್ತರ ಅಮೆರಿಕದಲ್ಲಿ ಒಂಬತ್ತನೆಯ ಸ್ಥಾನ ತಾಳೆ ನೋಡುವ ಅಂಕಿ. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಪ್ರತಿ ಸ್ಥಾನಕ್ಕೂ ಒಂದು ತೂಕ. ತೂಕಗಳು ಕ್ರಮವಾಗಿ 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಬರುವ ಶೇಷವೇ ಒಂಬತ್ತನೆಯ ಸ್ಥಾನದಲ್ಲಿರಬೇಕು. ಶೇಷ 10 ಆದರೆ ಎಕ್ಸ್. ಹದಿನೇಳೂ ಸ್ಥಾನಗಳಲ್ಲಿ 1 ಬರೆದು ಮಾಡಿ ನೋಡಿ. ಮೊತ್ತ 89, ಶೇಷ 1, ಲೆಕ್ಕ ಸರಿಹೋಗುತ್ತದೆ. ನಮ್ಮ ದೇಶದ ಗಾಡಿಗಳಿಗೆ ಈ ನಿಯಮ ಕಡ್ಡಾಯವಲ್ಲ. ಆದ್ದರಿಂದ ಬೆಳಗಾವಿಯ ಗಾಡಿಗೆ ಲೆಕ್ಕ ಹೊಂದದಿದ್ದರೆ ಗಾಬರಿಯಾಗಬೇಡಿ.

ಐ, ಓ, ಕ್ಯೂ ಎಂಬ ಮೂರು ಅಕ್ಷರಗಳು ಈ ಸಂಖ್ಯೆಯಲ್ಲಿ ಎಲ್ಲಿಯೂ ಬರುವುದಿಲ್ಲ. 1 ಮತ್ತು 0 ಎಂಬ ಅಂಕಿಗಳೊಂದಿಗೆ ಅವು ಬೆರೆತು ಹೋಗಬಾರದೆಂದು ಬಿಟ್ಟಿದ್ದಾರೆ. ಉರ್ದು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ನುಕ್ತಾ ಕೆಳಗೆ ಬಿದ್ದರೆ ಖುದಾ ಎಂಬುದು ಜುದಾ ಆಗುತ್ತದೆ. ಕನ್ನಡದಲ್ಲಿ ಹ ಕ್ಕೆ ಒಂದು ಎತ್ವ ಬಿದ್ದರೆ ಹಣ ಹೆಣವಾಗುತ್ತದೆ. ಒಂದಕ್ಷರದ ತಪ್ಪಿಗೆ ನಾವು ಮಾಸ್ತರರು ಅರ್ಧ ಅಂಕ ಕಳೆಯುತ್ತೇವೆ. ವಾಹನದ ವ್ಯವಹಾರದಲ್ಲಿ ಆ ತಪ್ಪಿಗೆ ಎಷ್ಟು ಕಳೆದುಕೊಳ್ಳಬೇಕಾದೀತು ಎಂಬುದು ನನ್ನ ಸ್ವಂತ ಅನುಭವಕ್ಕೂ ಬಂದಿದೆ.

ನಾನು ಬೆಳಗಾವಿಯಿಂದ ಖಾನಾಪುರದ ಕಡೆಯ ಶಾಲೆಗೆ ಹೋಗಿ ಬರುತ್ತಿದ್ದ ದಿನಗಳು. ಮಳೆಗಾಲದಲ್ಲಿ ಬಸ್ಸು ತಪ್ಪಿ ಪ್ರಾರ್ಥನೆಯ ಹೊತ್ತಿಗೆ ತಲುಪದೆ ಮುಖ್ಯೋಪಾಧ್ಯಾಯರ ಮುಂದೆ ತಲೆ ತಗ್ಗಿಸಿದ್ದು ಎಷ್ಟೋ ಸಲ. ಕೊನೆಗೆ ಪರಿಚಯದವರ ಮೂಲಕ ಒಂದು ಹಳೆಯ ಮೋಟಾರು ಸೈಕಲ್ ನೋಡಿ ಐದು ಸಾವಿರ ಮುಂಗಡ ಕೊಟ್ಟೆ. ನಮ್ಮ ಗಲ್ಲಿಯಲ್ಲಿ ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ಹಿರಿಯ ಮಿಸ್ತ್ರಿ ಚಾಚಾ ಇದ್ದರು. "ನಂಬರ್ ಓದಿದಿರಾ ಮಾಸ್ತರ್?" ಎಂದರು. ಓದಿದೆ, ಕೆಎ-22 ಎಂದೆ. ಅವರು ನಕ್ಕು, ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಸೀಮೆಎಣ್ಣೆಯ ಬಟ್ಟೆ ತಂದು, ಹ್ಯಾಂಡಲಿನ ಕುತ್ತಿಗೆಯ ಮೇಲಿನ ಮಣ್ಣು ಒರೆಸಿ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರು. ಹದಿನೇಳು ಅಕ್ಷರಗಳು ಕಾಗದದ ಮೇಲೆ ಮೂಡಿದವು. ಆರ್.ಸಿ.ಯೊಂದಿಗೆ ಹೋಲಿಸಿದಾಗ ಹದಿನಾರು ಹೊಂದಿದವು. ಒಂದು ಕಡೆ ಕಬ್ಬಿಣದ ಮೇಲೆ 5 ಇತ್ತು, ಆರ್.ಸಿ.ಯಲ್ಲಿ ಎಸ್ ಇತ್ತು.

ಮಾರುವವರು ಪ್ರಾಮಾಣಿಕರಾಗಿದ್ದರು. ನನ್ನೊಂದಿಗೆ ಸಾರಿಗೆ ಕಚೇರಿಗೆ ಬಂದರು. ಮೂಲ ಕಾಗದಗಳನ್ನು ತೆಗೆದು ನೋಡಿದಾಗ ಬೆರಳಚ್ಚಿನಲ್ಲಿ ಆದ ತಪ್ಪೆಂದು ಗೊತ್ತಾಯಿತು. ಅರ್ಜಿ ಕೊಟ್ಟು ತಿದ್ದಿಸಿಕೊಂಡ ಮೇಲೆಯೇ ನಾನು ಉಳಿದ ಹಣ ಕೊಟ್ಟೆ. ಅದೇ ತಪ್ಪು ಅಪಘಾತದ ನಂತರ ವಿಮಾ ಕಚೇರಿಯಲ್ಲಿ ಸಿಕ್ಕಿದ್ದರೆ ನನ್ನ ಮನೆಯವರು ಎಷ್ಟು ಓಡಾಡಬೇಕಾಗುತ್ತಿತ್ತೋ! ಆ ದಿನ ನಾನು ಪಾಠ ಕಲಿತೆ. ಆದರೆ ತರಗತಿಗೆ ಹೋಗಿ ಅದನ್ನು ಹೇಳಲಿಲ್ಲ, ಪಠ್ಯದಲ್ಲಿ ಇಲ್ಲವಲ್ಲ! ಆ ಹುಡುಗ ಆಗ ನನ್ನ ತರಗತಿಯ ಎರಡನೇ ಸಾಲಿನಲ್ಲಿ ಕುಳಿತಿದ್ದ.

ಅಕ್ಷರ ಹೊಂದದಿದ್ದರೆ ಕಳವೇ ಎಂದು ತಿಳಿಯಬಾರದು, ತಪ್ಪೂ ಇರಬಹುದು. ತುಕ್ಕು ಹಿಡಿದು ನಂಬರ್ ಅಳಿದಾಗ ಸಾರಿಗೆ ಕಚೇರಿಯ ಅನುಮತಿ ಪಡೆದು ಮತ್ತೆ ಹೊಡೆಸುವ ಕ್ರಮವೂ ಇದೆ. ಹಾಗಿದ್ದರೆ ಅದಕ್ಕೆ ದಾಖಲೆ ಇರಲೇಬೇಕು. ದಾಖಲೆ ಇಲ್ಲದೆ ಅಕ್ಷರಗಳು ಓರೆಕೋರೆಯಾಗಿದ್ದರೆ, ಒಂದು ಆಳ ಇನ್ನೊಂದು ತೆಳುವಾಗಿದ್ದರೆ, ಅಷ್ಟೇ ಜಾಗದಲ್ಲಿ ಹೊಸ ಬಣ್ಣ ಅಥವಾ ಬೆಸುಗೆಯ ಗುರುತು ಕಂಡರೆ, ಗಾಡಿ ಎಷ್ಟೇ ಚೆನ್ನಾಗಿದ್ದರೂ ಕೈಮುಗಿದು ಬಂದುಬಿಡಿ.

ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡುವ ತಂದೆಯಂದಿರ ಮಕ್ಕಳು ಇಲ್ಲಿ ಇದ್ದೀರಿ. ಎರಕದ ತುಂಡಿನ ಮೇಲೆ ನಂಬರ್ ಒತ್ತುವುದನ್ನು ನೀವು ನೋಡಿರಬಹುದು. ಅಚ್ಚು ಒತ್ತಿದಾಗ ಕಬ್ಬಿಣದ ಮೇಲ್ಮೈ ಮಾತ್ರವಲ್ಲ, ಅದರ ಕೆಳಗಿನ ಪದರವೂ ನಲುಗುತ್ತದೆ. ಆದ್ದರಿಂದ ಉಜ್ಜಿ ಅಳಿಸಿದ ನಂಬರನ್ನು ವಿಧಿವಿಜ್ಞಾನ ಪ್ರಯೋಗಾಲಯದವರು ರಾಸಾಯನಿಕ ಸವರಿ ಅನೇಕ ಸಲ ಮತ್ತೆ ಓದಬಲ್ಲರು.

ಇನ್ನು ಈ ಸಂಖ್ಯೆ ಹೇಳದಿರುವ ವಿಷಯಗಳು. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಬಿದ್ದಿದೆ, ಸಾಲ ತೀರಿದೆಯೇ, ಇದಾವುದೂ ಅಕ್ಷರಗಳಲ್ಲಿ ಇಲ್ಲ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳೊಂದಿಗೆ ವಾಹನಗಳೂ ನೀರಿನಲ್ಲಿ ನಿಂತವು. ಅವುಗಳ ಚಾಸಿಸ್ ನಂಬರ್ ಮೊದಲಿನಂತೆಯೇ ಇದೆ. ಅಮೆರಿಕದಲ್ಲಿ ಈ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಗಾಡಿಯ ಹಿಂದಿನ ಅಪಘಾತ, ನೆರೆ, ಮೀಟರಿನ ಓಟ ಇವುಗಳ ವರದಿ ಸಿಗುತ್ತದೆ. ಅಲ್ಲಿನ ಹಳೆಯ ಕಾರುಗಳು ಶಾರ್ಜಾದ ಮಾರುಕಟ್ಟೆಗೂ ಬರುತ್ತವೆ. ಗಲ್ಫಿನಲ್ಲಿರುವ ನಮ್ಮ ಬಂಧುಗಳು ಕೊಳ್ಳುವ ಮುನ್ನ ಆ ವರದಿ ನೋಡುವುದು ಒಳ್ಳೆಯದು. ಇಲ್ಲಿಯಾದರೋ ಒಳ್ಳೆಯ ಮಿಸ್ತ್ರಿಯ ಕಣ್ಣೇ ನಮ್ಮ ವರದಿ.

ಆದರೂ ಸಂಖ್ಯೆಯನ್ನು ಹಿಡಿದು ನಾವು ಮಾಡಬಹುದಾದ ಕೆಲಸಗಳಿವೆ. ಅವನ್ನು ಬರೆದುಕೊಳ್ಳಿ.

ಒಂದು, ಹಗಲಿನಲ್ಲಿ ಗಾಡಿ ನೋಡಿ. ದ್ವಿಚಕ್ರ ವಾಹನದಲ್ಲಿ ಹೆಚ್ಚಾಗಿ ಹ್ಯಾಂಡಲಿನ ಕೆಳಗಿನ ಕುತ್ತಿಗೆಯ ಮೇಲೆ, ಕಾರಿನಲ್ಲಿ ಬಾನೆಟ್ಟಿನ ಒಳಗಿನ ಗೋಡೆಯ ಮೇಲೆ ಅಥವಾ ಮುಂದಿನ ಆಸನದ ಕೆಳಗೆ, ಲಾರಿಯಲ್ಲಿ ಚಾಸಿಸ್ ಪಟ್ಟಿಯ ಮೇಲೆ ನಂಬರ್ ಇರುತ್ತದೆ. ಒಬ್ಬರು ಗಾಡಿಯಿಂದ ಓದಲಿ, ಇನ್ನೊಬ್ಬರು ಆರ್.ಸಿ.ಯಲ್ಲಿ ಬೆರಳಿಟ್ಟು ನೋಡಲಿ. ಎಂಜಿನ್ ನಂಬರನ್ನೂ ಹಾಗೆಯೇ ಹೋಲಿಸಿ.

ಎರಡು, ಎಂಪರಿವಾಹನ್ ಆಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ವಾಹನದ ಬಗೆ, ನೋಂದಣಿ ದಿನಾಂಕ, ವಿಮೆಯ ಅವಧಿ ನೋಡಿ. ಅಲ್ಲಿ ಸ್ಕೂಟರ್ ಎಂದಿದ್ದು ಎದುರಿಗೆ ಬೈಕ್ ನಿಂತಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಮೂರು, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ನಡೆಸುವ ವಾಹನ್ ಸಮನ್ವಯ ಸೇವೆಯಲ್ಲಿ ನೋಂದಣಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಕೊಟ್ಟು ಕಳವಿನ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಪೂರ್ಣ ನಿಶ್ಚಿಂತೆ ಬೇಡ, ದೂರು ತಡವಾಗಿ ದಾಖಲಾಗಿರಬಹುದು.

ನಾಲ್ಕು, ಹೆಸರು ಬದಲಾವಣೆಯನ್ನು ಮುಂದೂಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ಒಂದೇ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ತಿಳಿಸಬೇಕು. ಇದಕ್ಕೆ 29 ಮತ್ತು 30ನೇ ನಮೂನೆಗಳಿವೆ. ಬ್ಯಾಂಕಿನ ಸಾಲ ತೀರಿದ್ದರೆ 35ನೇ ನಮೂನೆ. ನಮ್ಮದು ಗಡಿ ಜಿಲ್ಲೆ. ಖಾನಾಪುರದಿಂದ ಒಂದು ಕಡೆ ಗೋವೆ, ಇನ್ನೊಂದು ಕಡೆ ಮಹಾರಾಷ್ಟ್ರ. ಅಲ್ಲಿಯ ಗಾಡಿ ಅಗ್ಗವಾಗಿ ಕಾಣುತ್ತದೆ. ಆದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಇವೆಲ್ಲ ಸೇರಿಸಿದ ಮೇಲೆ ಅಗ್ಗವೋ ತುಟ್ಟಿಯೋ ಲೆಕ್ಕ ಹಾಕಿ.

ಮಾರುವವರಿಗೂ ಒಂದು ಮಾತು. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ನೀಡಿತು. ಒಬ್ಬರು ಮಾರಿದ ಕಾರು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತಕ್ಕೀಡಾಗಿತ್ತು. ದಾಖಲೆಯಲ್ಲಿ ಮೊದಲಿನವರ ಹೆಸರೇ ಇತ್ತು. ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವರದೇ ಎಂದು ನ್ಯಾಯಾಲಯ ಹೇಳಿತು. ಹಣ ಎಣಿಸಿಕೊಂಡು ಬೀಗದ ಕೈ ಕೊಟ್ಟರೆ ಸಂಬಂಧ ಕಡಿಯಿತು ಎಂದು ತಿಳಿಯುವವರು ಇದನ್ನು ನೆನಪಿಡಬೇಕು.

ಐದು, ಹಣವನ್ನು ಬ್ಯಾಂಕಿನ ಮೂಲಕ ಅಥವಾ ದಾಖಲೆ ಉಳಿಯುವಂತೆ ಕೊಡಿ. ಮಾರಿದವನ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಹದಿನೇಳೂ ಅಕ್ಷರಗಳನ್ನು ಬರೆದು, ದಿನಾಂಕ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆಯಿರಿ. ಕಳವಿನ ಮಾಲೆಂದು ತಿಳಿದು ಅಥವಾ ನಂಬಲು ಕಾರಣವಿದ್ದೂ ಕೊಳ್ಳುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಅಪರಾಧ. ನಮ್ಮ ಹುಡುಗನನ್ನು ಉಳಿಸಿದ್ದು ಒಂದು ದಾಖಲೆ ಮಾತ್ರ.

"ಗುರುತಿನವರು, ಕಾಗದ ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ" ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ನಾಳೆ ಇಬ್ಬರ ನೆನಪೂ ಬೇರೆಯಾದಾಗ ಸ್ನೇಹ ಉಳಿಯಲಿ ಎಂದೇ ಬರೆದಿಡುವುದು. ನನಗೆ ಗಾಡಿ ಮಾರಿದವರು ಪ್ರಾಮಾಣಿಕರಾಗಿದ್ದುದರಿಂದಲೇ ನನ್ನೊಂದಿಗೆ ಕಚೇರಿಗೆ ಬಂದರು. ನಿಮ್ಮೊಂದಿಗೆ ಬರಲು ಒಪ್ಪದವನ ಗಾಡಿ ನಿಮಗೆ ಬೇಡ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದಿನ ಒಂದೆರಡು ವರ್ಷಗಳಲ್ಲಿ ದುಡಿಯಲು ಪ್ರಾರಂಭಿಸುತ್ತೀರಿ. ಮನೆಯ ಮೊದಲ ಗಾಡಿಯನ್ನು ನೀವೇ ಕೊಳ್ಳುತ್ತೀರಿ. ಆ ಹಣದಲ್ಲಿ ತಾಯಿಯ ಭಿಶಿ ಇರುತ್ತದೆ, ಅಕ್ಕನ ಹೊಲಿಗೆಯ ದುಡ್ಡು ಇರುತ್ತದೆ. ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಚಾಸಿಸ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಆರ್.ಸಿ.ಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಯಾವ ಕಂಪನಿ, ಯಾವ ವರ್ಷ ಎಂದು ಅಕ್ಷರಗಳಿಂದಲೇ ಹೇಳಿ, ತಂದೆಗೆ ತೋರಿಸಿ. ಬ್ರಷ್ಷು, ಬಟ್ಟೆ, ಕಾಗದ, ಪೆನ್ಸಿಲ್, ಇಷ್ಟು ಸಾಕು. ಆ ನಂಬರಿನ ಚಿತ್ರವನ್ನು ಮಾತ್ರ ಯಾರಿಗೂ ಕಳುಹಿಸಬೇಡಿ, ಮನೆಯಲ್ಲಿಯೇ ಇರಲಿ.

ಆ ಹುಡುಗ ಈಗ ಮತ್ತೊಂದು ಗಾಡಿ ಕೊಂಡಿದ್ದಾನೆ. ಕೊಳ್ಳುವ ಮುನ್ನ ನನಗೆ ಫೋನು ಮಾಡಿ, ಚೌಕಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದೇ ಅಕ್ಷರವನ್ನು ಜೋರಾಗಿ ಓದಿದ. ನಾನು ಈ ಕಡೆ ಅವನು ಕಳುಹಿಸಿದ ಆರ್.ಸಿ.ಯ ಪ್ರತಿಯ ಮೇಲೆ ಬೆರಳಿಟ್ಟು ಕೇಳಿದೆ. ಹದಿನೇಳೂ ಹೊಂದಿದವು. ಇಷ್ಟು ವರ್ಷ ಎಷ್ಟೋ ಮಕ್ಕಳ ಓದನ್ನು ಕೇಳಿದ್ದೇನೆ, ಅಷ್ಟು ಎಚ್ಚರಿಕೆಯಿಂದ ಯಾರೂ ಓದಿದ್ದು ನನಗೆ ನೆನಪಿಲ್ಲ.